ಕ್ಯಾಲೆಂಡರಿನಲ್ಲಿ ‘ಕು’ ಮತ್ತು ‘ತ’: ಡೊಂಬಿವಲಿಯ ಒಂದು ಅರೆತಲೆನೋವಿನ ಪ್ರಕರಣ

ಜೂನ್ ಎರಡನೇ ವಾರ. ಮಳೆ ಆಗಷ್ಟೇ ಹಿಡಿದಿತ್ತು. ರಾತ್ರಿ ಎಂಟೂವರೆಗೆ ನಾನು ಕ್ಲಿನಿಕ್ಕಿನ ಶಟರ್ ಎಳೆಯಬೇಕು ಅನ್ನುವಾಗ ಅವರು ಬಂದರು. ಒಂದು ಕೈಯಲ್ಲಿ ಒದ್ದೆ ಕೊಡೆ, ಇನ್ನೊಂದು ಕೈ ಕುತ್ತಿಗೆಯ ಹಿಂದೆ. ಕುರ್ಚಿಯಲ್ಲಿ ಕೂತ ಮೇಲೂ ಆ ಕೈ ಕೆಳಗಿಳಿಯಲಿಲ್ಲ.

“ಡಾಕ್ಟ್ರೇ, ನನಗೆ ಸ್ಪಾಂಡಿಲೈಟಿಸ್ ಉಂಟು. ಅದರಿಂದ ತಲೆನೋವು. ನೀವು ಕುತ್ತಿಗೆ ಸರಿ ಮಾಡಿಕೊಟ್ರೆ ತಲೆ ತಾನಾಗಿ ಸರಿ ಆಗ್ತದೆ” ಎಂದರು.

ಸ್ಪಾಂಡಿಲೈಟಿಸ್ ಎಂದು ಜನ ಹೇಳುವುದು ಕುತ್ತಿಗೆ ಮೂಳೆಯ ಸವೆತಕ್ಕೆ. ರೋಗ, ಕಾರಣ, ಚಿಕಿತ್ಸೆ ಎಲ್ಲವನ್ನೂ ಅವರೇ ಹೇಳಿ ಮುಗಿಸಿದ್ದರು. ನನಗೆ ಉಳಿದದ್ದು ಕೈಕೆಲಸ ಮಾತ್ರ.

ನಾನು ಫಿಸಿಯೋಥೆರಪಿಸ್ಟ್. ಮುಂಬಯಿ ಹತ್ತಿರದ ಡೊಂಬಿವಲಿಯ ಪೂರ್ವದಲ್ಲಿ ಎರಡು ಹಾಸಿಗೆಯ ಸಣ್ಣ ಕ್ಲಿನಿಕ್. ಕನ್ನಡದವರು ಜಾಸ್ತಿ ಬರುತ್ತಾರೆ, ಒಬ್ಬರಿಂದ ಒಬ್ಬರಿಗೆ ಬಾಯಿಮಾತಲ್ಲಿ ಗೊತ್ತಾಗಿ. ಇವರಿಗೆ 43 ವರ್ಷ, ಊರು ಕುಂದಾಪುರದ ಕಡೆ. ಮದುವೆಯಾಗಿ ಮುಂಬಯಿಗೆ ಬಂದು 19 ವರ್ಷವಾಗಿದೆ. ಫೋರ್ಟಿನ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮನೆಯಲ್ಲಿ ಗಂಡ, ಹತ್ತನೇ ಕ್ಲಾಸಿನ ಮಗ, ಅತ್ತೆ. ಇಲ್ಲಿ ಅವರನ್ನು ‘ಅಕ್ಕ’ ಎಂದೇ ಬರೆಯುತ್ತೇನೆ. ಕ್ಲಿನಿಕ್ಕಿನಲ್ಲೂ ಹಾಗೇ ಕರೆಯುತ್ತಿದ್ದೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.

ಅಕ್ಕನ ಫೈಲು ದಪ್ಪ ಇತ್ತು. ನಾಲ್ಕು ವರ್ಷದ ಹಿಂದಿನ ಎಕ್ಸ್‌ರೇ: ಕುತ್ತಿಗೆಯ ಸಹಜ ಬಾಗು ಕಡಿಮೆಯಾಗಿದೆ, ಕೆಳಗಿನ ಒಂದು ಕಡೆ ಸ್ವಲ್ಪ ಸವೆತ. ಅಷ್ಟಕ್ಕೇ ಕಾಲರ್ ಹಾಕಿಸಿಕೊಂಡಿದ್ದರು. ಹದಿನೈದು ದಿನ ತಲೆಗೆ ಪಟ್ಟಿ ಕಟ್ಟಿ ಎಳೆಸಿಕೊಂಡಿದ್ದರು. ದಿಂಬು ನಾಲ್ಕು ಸಲ ಬದಲಾಗಿತ್ತು. ಊರಿಗೆ ಹೋದಾಗ ಯಾರೋ ಕುತ್ತಿಗೆ ತಿರುಗಿಸಿ ‘ಲಟಕ್’ ಅನ್ನಿಸಿದ್ದೂ ಆಗಿತ್ತು. ಅದು ಅಪಾಯ ಎಂದು ಹೇಳಿದರೆ, “ಆ ದಿನ ಮಾತ್ರ ಒಳ್ಳೆ ನಿದ್ದೆ ಬಂತು” ಎಂದು ನಕ್ಕರು.

ಮೊದಲ ವಾರದ ತಪ್ಪು

ಆ ರಾತ್ರಿ ನಾನೂ ಅವರ ಮಾತನ್ನೇ ನಂಬಿದೆ. ಹನ್ನೆರಡು ವರ್ಷ ಕುತ್ತಿಗೆ ನೋಡಿದ ಕೈಗೆ ಗಟ್ಟಿಯಾದ ಸ್ನಾಯು ಸಿಕ್ಕರೆ ಸಾಕು, ತಲೆ ಯೋಚನೆ ನಿಲ್ಲಿಸುತ್ತದೆ. ಹೆಗಲ ಮೇಲಿನ ಸ್ನಾಯು ಹಗ್ಗದ ಹಾಗಿತ್ತು. ತಲೆಬುರುಡೆಯ ಬುಡದಲ್ಲಿ ಬೆರಳಿಟ್ಟರೆ ಅಕ್ಕ ಬೆಚ್ಚುತ್ತಿದ್ದರು. ಇಪ್ಪತ್ತು ನಿಮಿಷ ಚೆನ್ನಾಗಿ ಒತ್ತಿದೆ, ಎಳೆದೆ, ಬಿಸಿ ಕೊಟ್ಟೆ. “ಹಗುರ ಆಯ್ತು ಮಾರಾಯ್ರೇ” ಎಂದು ಹೊರಟರು.

ಬೆಳಗಿನ ಜಾವ ನಾಲ್ಕಕ್ಕೆ ಶುರುವಾದ ನೋವು ಎರಡು ದಿನ ಬಿಡಲಿಲ್ಲ. ವಾಂತಿ, ಕತ್ತಲೆ ಕೋಣೆ, ಕಚೇರಿಗೆ ರಜೆ. ಕಾಕತಾಳೀಯ ಇರಬಹುದು ಎಂದುಕೊಂಡೆ. ಮುಂದಿನ ಸಲ ಕೈ ಸ್ವಲ್ಪ ಹಗುರ ಮಾಡಿ ಅದನ್ನೇ ಮಾಡಿದೆ. ಮತ್ತೆ ಅದೇ. ಮೂರನೇ ಸಲ ಅಕ್ಕ ಬಾಗಿಲಲ್ಲೇ ನಿಂತು ಹೇಳಿದರು: “ನಿಮ್ಮ ಕೈ ಬಿದ್ದ ಮರುದಿನ ನಾನು ಮಲಗಿದ್ದೇ. ಇವತ್ತು ಸುಮ್ನೆ ಮಾತಾಡುವ, ಆಗ್ತದಾ?”

ಆ ದಿನ ಮಾಡಬೇಕಾದ ಕೆಲಸ ಮಾಡಿದೆ. ಒಂದು ಗಂಟೆ ಕೇಳಿಸಿಕೊಂಡೆ.

ಹೊಸದಾಗಿ ಕೇಳಿದ್ದು

ತಲೆನೋವು ಶುರುವಾದದ್ದು ಕಾಲೇಜಿಗೆ ಹೋಗುವಾಗ. ಆಗ ತಿಂಗಳಿಗೆ ಒಂದೋ ಎರಡೋ. ಮುಟ್ಟಿಗೆ ಎರಡು ದಿನ ಮೊದಲು ಖಾಯಂ. ಅಮ್ಮನಿಗೂ ಇತ್ತಂತೆ, ಅವರು ಹಣೆಗೆ ಗಂಧ ತೇದು ಹಚ್ಚಿ, ಸೀರೆಯ ಸೆರಗು ಬಿಗಿಯಾಗಿ ಕಟ್ಟಿ ಮಲಗುತ್ತಿದ್ದರಂತೆ. ನೋವು ಒಮ್ಮೆ ಬಲಗಣ್ಣಿನ ಹಿಂದೆ, ಒಮ್ಮೆ ಎಡಕ್ಕೆ. ಪಟ ಪಟ ಹೊಡೆಯುತ್ತದೆ. ಮೆಟ್ಟಿಲು ಹತ್ತಿದರೆ ಜಾಸ್ತಿ. ಒಗ್ಗರಣೆ ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ. ಆ ದಿನಗಳಲ್ಲಿ ಬಾಚಣಿಗೆ ತಾಗಿದರೂ ಉರಿ, ಕಿವಿಯ ಓಲೆ ತೆಗೆದಿಡಬೇಕು.

ಇಷ್ಟು ಕೇಳಿದ ಮೇಲೆ ಎಕ್ಸ್‌ರೇ ಪಕ್ಕಕ್ಕಿಟ್ಟೆ. ಇದು ಅರೆತಲೆನೋವು, ಮೈಗ್ರೇನ್. ಕುತ್ತಿಗೆಯಿಂದಲೇ ಹುಟ್ಟುವ ತಲೆನೋವು ಬೇರೆ ಇದೆ. ಅದು ಸಾಮಾನ್ಯವಾಗಿ ಒಂದೇ ಬದಿಗೆ ಅಂಟಿಕೊಂಡಿರುತ್ತದೆ, ಕುತ್ತಿಗೆ ಆಡಿಸಿದರೆ ಕೆರಳುತ್ತದೆ, ವಾಂತಿ ಮತ್ತು ಬೆಳಕಿನ ಕಾಟ ಅದರಲ್ಲಿ ಕಡಿಮೆ. ಅಕ್ಕನ ನೋವು ಬದಿ ಬದಲಿಸುತ್ತಿತ್ತು, ಮುಟ್ಟಿನ ಜೊತೆ ಬರುತ್ತಿತ್ತು, ತಾಯಿಯಿಂದ ಬಂದಂತಿತ್ತು.

ಹಾಗಾದರೆ ಎಕ್ಸ್‌ರೇ? ಜಪಾನಿನಲ್ಲಿ ಕುತ್ತಿಗೆ ನೋವೇ ಇಲ್ಲದ 1211 ಮಂದಿಗೆ ಎಂಆರ್‌ಐ ಮಾಡಿ ನೋಡಿದ್ದರು. 2015ರಲ್ಲಿ ಅದು ಪ್ರಕಟವಾಯಿತು. ಶೇಕಡಾ 87.6 ಮಂದಿಯ ಕುತ್ತಿಗೆಯಲ್ಲಿ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು. ನಲವತ್ತು ದಾಟಿದವರ ಕುತ್ತಿಗೆಯ ಚಿತ್ರದಲ್ಲಿ ಏನೂ ಕಾಣದಿದ್ದರೇ ಆಶ್ಚರ್ಯ. ಚಿತ್ರದಲ್ಲಿ ಸವೆತ ಕಂಡಿತು, ತಲೆಯಲ್ಲಿ ನೋವಿದೆ, ಎರಡಕ್ಕೂ ಗಂಟು ಹಾಕಿದ್ದು ನಾವು. ನಾವು ಅಂದರೆ ನಾನೂ ಸೇರಿ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಅರೆತಲೆನೋವು ಇರುವವರಲ್ಲಿ ಕುತ್ತಿಗೆ ನೋವು ತೀರಾ ಸಾಮಾನ್ಯ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೈಗ್ರೇನ್ ಜೊತೆ ವಾಕರಿಕೆಗಿಂತ ಕುತ್ತಿಗೆ ನೋವೇ ಹೆಚ್ಚಾಗಿ ಕಂಡಿತ್ತು. ವಾಕರಿಕೆ ರೋಗದ ಲಕ್ಷಣಗಳ ಪಟ್ಟಿಯಲ್ಲಿದೆ, ಕುತ್ತಿಗೆ ಇಲ್ಲ. ಹಾಗಾಗಿ ರೋಗಿ ಕುತ್ತಿಗೆ ಹಿಡಿದುಕೊಂಡು ಬಂದರೆ ನೋಡುವವರ ಕಣ್ಣು ಮೂಳೆಯ ಕಡೆಗೇ ಓಡುತ್ತದೆ.

ಅಕ್ಕ ಕೇಳಿದರು, “ತಲೆಯ ರೋಗ ಆದ್ರೆ ಕುತ್ತಿಗೆ ಯಾಕೆ ನೋಯ್ತದೆ?”

ದಾದರ್ ಸ್ಟೇಷನ್ನಿನ ಉದಾಹರಣೆ ಕೊಟ್ಟೆ. ಹಣೆ, ಕಣ್ಣು ಮತ್ತು ಮೆದುಳಿನ ಹೊದಿಕೆಯ ನೋವನ್ನು ಹೊತ್ತು ತರುವುದು ಟ್ರೈಜೆಮಿನಲ್ ಎಂಬ ನರ. ಅದರ ಸುದ್ದಿ ಮೆದುಳಿನ ಕಾಂಡದಲ್ಲಿ ಕೆಳಗಿಳಿದು ಬೆನ್ನುಹುರಿಯ ಮೇಲ್ತುದಿಗೆ ಬರುತ್ತದೆ. ಕುತ್ತಿಗೆಯ ಮೊದಲ ಮೂರು ನರಗಳ ಸುದ್ದಿಯೂ ಅಲ್ಲಿಗೇ ಬರುತ್ತದೆ. ದಾದರಿನ ಸೇತುವೆ ಮೇಲೆ ಸೆಂಟ್ರಲ್ ಲೈನಿನವರೂ ವೆಸ್ಟರ್ನ್ ಲೈನಿನವರೂ ಒಟ್ಟಾಗುತ್ತಾರಲ್ಲ, ಹಾಗೆ. ಮೇಲೆ ನಿಂತು ನೋಡುವವನಿಗೆ ಯಾರು ಯಾವ ಗಾಡಿಯಿಂದ ಇಳಿದವರು ಎಂದು ತಿಳಿಯುವುದಿಲ್ಲ. ತಲೆಯಲ್ಲಿ ಗದ್ದಲ ಎದ್ದರೆ ಕುತ್ತಿಗೆ ನೋಯುತ್ತದೆ. ಕುತ್ತಿಗೆ ಒತ್ತಿದರೆ ಕಣ್ಣಿನ ಹಿಂದೆ ನೋಯುತ್ತದೆ. ಮೊದಲೇ ತುಂಬಿದ ಸೇತುವೆ ಮೇಲೆ ನಾನು ಇಪ್ಪತ್ತು ನಿಮಿಷ ಇನ್ನಷ್ಟು ಜನರನ್ನು ನೂಕಿದ್ದೆ.

“ಹಾಗೆ ಹೇಳಿ” ಎಂದರು ಅಕ್ಕ. ದಿನಾ ಆ ಲೈನಿನಲ್ಲಿ ಹೋಗುವವರಿಗೆ ಅಷ್ಟು ಸಾಕು.

ಎರಡು ಅಕ್ಷರ, ಒಂದು ಚುಕ್ಕೆ

ಮನೆಯ ಗೋಡೆಯಲ್ಲಿ ಅತ್ತೆ ಏಕಾದಶಿ ನೋಡುವ ಕಾಲನಿರ್ಣಯ ಕ್ಯಾಲೆಂಡರ್ ಇತ್ತು. ಅದರಲ್ಲೇ ಗುರುತು ಹಾಕಲು ಹೇಳಿದೆ. ಕುತ್ತಿಗೆ ನೋವಿದ್ದರೆ ‘ಕು’. ತಲೆನೋವಿದ್ದರೆ ‘ತ’. ವಾಂತಿ, ಬೆಳಕಿನ ಕಾಟ ಎಲ್ಲ ಸೇರಿ ಬಂದರೆ ಆ ‘ತ’ಕ್ಕೆ ಸುತ್ತು. ಮಾತ್ರೆ ನುಂಗಿದ ದಿನ ಒಂದು ಚುಕ್ಕೆ. “ಏನಿದು, ಮೊಮ್ಮಗನಿಗೆ ಕನ್ನಡ ಪಾಠವಾ?” ಎಂದು ಅತ್ತೆ ಕೇಳಿದರಂತೆ.

ಮೂವತ್ತು ದಿನದ ಮೇಲೆ ಹಾಳೆಯ ಫೋಟೋ ತಂದರು. ತಲೆನೋವು 22 ದಿನ. ಅದರಲ್ಲಿ ಸುತ್ತು ಹಾಕಿದ್ದು 13. ಕುತ್ತಿಗೆ ನೋವು 25 ದಿನ. ಚುಕ್ಕೆ 19.

ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನಿನ ಲಕ್ಷಣ, ಹೀಗೆ ಮೂರು ತಿಂಗಳಿಗೂ ಮೀರಿ ನಡೆದರೆ ಅದನ್ನು ದೀರ್ಘಕಾಲದ ಮೈಗ್ರೇನ್ ಎನ್ನುತ್ತಾರೆ. ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದ 2018ರ ಆವೃತ್ತಿಯಲ್ಲಿರುವ ಲೆಕ್ಕ ಇದು. ಅಕ್ಕನಿಗೆ ಹೀಗಾಗಿ ಕಡಿಮೆಯೆಂದರೆ ಎರಡು ವರ್ಷ ಆಗಿತ್ತು. ಯಾರೂ ದಿನ ಎಣಿಸಿರಲಿಲ್ಲ, ಅಷ್ಟೇ. ಮೈಗ್ರೇನ್ ಅಪರೂಪದ ರೋಗವೂ ಅಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವರ್ಷದ ಒಳಗೆ ಮೈಗ್ರೇನ್ ಬಂದವರು ಶೇಕಡಾ 25.2. ನಾಲ್ಕರಲ್ಲಿ ಒಬ್ಬರು.

ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಸುತ್ತು ಹಾಕಿದ ಆ 13 ದಿನ ಒಟ್ಟು ಏಳು ಸಲ ಬಂದ ದಾಳಿಗಳು. ಏಳರಲ್ಲಿ ಐದು ಸಲ, ಹಿಂದಿನ ದಿನದ ಚೌಕದಲ್ಲಿ ‘ಕು’ ಒಂದೇ ಇತ್ತು. ಆ ದಿನ ಇನ್ನೇನಾದರೂ ನೆನಪಿದೆಯಾ ಎಂದು ಕೇಳಿದೆ. ಅಕ್ಕ ಯೋಚಿಸಿದರು. “ಆಕಳಿಕೆ ಬರ್ತಾ ಇತ್ತು. ಬೆಲ್ಲ ತಿನ್ನುವ ಅಂತ ಆಗ್ತಿತ್ತು. ಸಿಟ್ಟು ಬೇರೆ.”

ದಾಳಿ ಕೆಲವರಿಗೆ ಒಂದೆರಡು ದಿನ ಮೊದಲೇ ಒಳಗೆ ಶುರುವಾಗಿರುತ್ತದೆ. ಆಕಳಿಕೆ, ಸಿಹಿ ಬೇಕೆನಿಸುವುದು, ಸಿಡುಕು, ಕುತ್ತಿಗೆ ಬಿಗಿಯುವುದು ಎಲ್ಲ ಅದರ ಮುನ್ಸೂಚನೆ. ಅಂದರೆ ಐದು ಸಲವೂ ಕುತ್ತಿಗೆ ತಲೆಯನ್ನು ಕೆಡಿಸಿರಲಿಲ್ಲ. ಬರಲಿದ್ದ ದಾಳಿಯೇ ಮೊದಲು ಕುತ್ತಿಗೆಯಲ್ಲಿ ಕಾಣಿಸಿಕೊಂಡಿತ್ತು. ಕುತ್ತಿಗೆ ಬಿಗಿದ ಸಂಜೆ ಅಕ್ಕ ತಿಕ್ಕಿಸಿಕೊಳ್ಳಲು ಓಡುತ್ತಿದ್ದರು, ಮರುದಿನ ನೋವು ಬರುತ್ತಿತ್ತು, “ಕುತ್ತಿಗೆಯಿಂದಲೇ” ಎಂದು ಖಾತ್ರಿಯಾಗುತ್ತಿತ್ತು. ನನ್ನ ಕ್ಲಿನಿಕ್ಕಿಗೆ ಬಂದ ಆ ಎರಡು ಸಂಜೆಗಳೂ ಹಾಗಿದ್ದವೇ? ಇರಬಹುದು. ಹಾಗಂತ ನನ್ನ ತಪ್ಪು ಕಡಿಮೆಯಾಗುವುದಿಲ್ಲ.

ಉಳಿದ ‘ಕು’ಗಳ ಕಥೆ ಬೇರೆ. ತಲೆ ಶಾಂತವಾಗಿದ್ದ ದಿನಗಳಲ್ಲೂ ಸಣ್ಣ ಬಿಗಿತ ಇತ್ತು. ಅಲ್ಲಿ ಕುತ್ತಿಗೆಗೆ ತನ್ನದೇ ದೂರು ಇದ್ದಂತಿತ್ತು.

ಕುತ್ತಿಗೆಯಲ್ಲಿ ಕಂಡದ್ದು

ನೋವು ತೀರಾ ಕಡಿಮೆ ಇದ್ದ ಒಂದು ಭಾನುವಾರ ಅಳತೆ ಮಾಡಿದೆ. ದಾಳಿಯ ದಿನ ಅಳೆದರೆ ಸಿಗುವುದು ದಾಳಿಯ ಅಳತೆ.

ಬಲಕ್ಕೆ 58 ಡಿಗ್ರಿ, ಎಡಕ್ಕೆ 66 ಡಿಗ್ರಿ ತಿರುಗುತ್ತಿತ್ತು. ಅವರ ವಯಸ್ಸಿಗೆ ಇದು ಕಡಿಮೆ. ಮಲಗಿಸಿ, ಗದ್ದ ಎದೆಗೆ ತಾಗುವಷ್ಟು ತಲೆ ಬಾಗಿಸಿ ಹಿಡಿದು ತಿರುಗಿಸುವ ಒಂದು ಪರೀಕ್ಷೆ ಇದೆ. ಹಾಗೆ ಹಿಡಿದಾಗ ತಿರುಗುವುದು ಬಹುಪಾಲು ಮೇಲಿನ ಎರಡು ಮೂಳೆಗಳ ನಡುವೆ. ಸಹಜವಾಗಿ ಸುಮಾರು 44 ಡಿಗ್ರಿ ಇರಬೇಕು. ಅಕ್ಕನಿಗೆ ಬಲಕ್ಕೆ 30, ಎಡಕ್ಕೆ 38.

ಶಕ್ತಿಯ ಪರೀಕ್ಷೆ ಇನ್ನೂ ಕೆಟ್ಟದಾಗಿತ್ತು. ಕುತ್ತಿಗೆಯ ಕೆಳಗೆ ಗಾಳಿ ತುಂಬಿದ ಪುಟ್ಟ ಚೀಲ ಇಡುತ್ತೇವೆ, ಅದಕ್ಕೆ ಬಿಪಿ ಮೀಟರಿನಂಥ ಮುಳ್ಳು. 20 ಮಿಲಿಮೀಟರ್ ಒತ್ತಡದಿಂದ ಶುರು. ‘ಹೂಂ’ ಅನ್ನುವ ಹಾಗೆ ಮೆತ್ತಗೆ ತಲೆಯಾಡಿಸಿ ಮುಳ್ಳನ್ನು ಎರಡೆರಡೇ ಏರಿಸುತ್ತಾ 30ರ ತನಕ ಒಯ್ಯಬೇಕು, ಪ್ರತಿ ಹಂತದಲ್ಲಿ ಹತ್ತು ಸೆಕೆಂಡ್ ನಿಲ್ಲಿಸಬೇಕು. ಈ ಕೆಲಸ ಗಂಟಲ ಹಿಂದೆ, ಮೂಳೆಗೆ ಅಂಟಿಕೊಂಡಿರುವ ಆಳದ ಸ್ನಾಯುಗಳದ್ದು. ಅಕ್ಕ 22ಕ್ಕೆ ನಿಂತರು. 24ಕ್ಕೆ ಹೋಗುವಾಗ ಕುತ್ತಿಗೆಯ ಎರಡು ಬದಿಯ ದೊಡ್ಡ ಸ್ನಾಯುಗಳು ಹಗ್ಗದಂತೆ ಎದ್ದವು, ಹಲ್ಲು ಕಚ್ಚಿದರು. ಮಲಗಿ ತಲೆಯನ್ನು ಎರಡು ಬೆರಳಷ್ಟು ಎತ್ತಿ ಹಿಡಿಯಲು ಹೇಳಿದರೆ 9 ಸೆಕೆಂಡಿಗೆ ನಡುಗಿತು. ನೋವಿಲ್ಲದ ಹೆಂಗಸರು ಇದನ್ನು ಸರಾಸರಿ ಅರ್ಧ ನಿಮಿಷದ ಹತ್ತಿರ ಹಿಡಿಯುತ್ತಾರೆ.

ಪ್ರಶ್ನಾವಳಿಯ ವಿಷಯದಲ್ಲಿ ಒಂದು ಎಚ್ಚರ. ಕುತ್ತಿಗೆಯಿಂದ ಆಗುವ ತೊಂದರೆ ಅಳೆಯಲು 1991ರಿಂದ ಬಳಕೆಯಲ್ಲಿರುವ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ಒಟ್ಟು 50 ಅಂಕ. ಅಕ್ಕನಿಗೆ 27 ಬಂತು, ಅಂದರೆ ತೀವ್ರ. ಆದರೆ ಆ ಹತ್ತರಲ್ಲಿ ಒಂದು ಪ್ರಶ್ನೆ ತಲೆನೋವಿನದ್ದೇ! ಓದುವುದು, ಗಮನ ಇಡುವುದು, ನಿದ್ದೆ ಇವೂ ಇವೆ. ಮೈಗ್ರೇನ್ ಇದ್ದವರಿಗೆ ಇವೆಲ್ಲದರಲ್ಲೂ ಅಂಕ ಜಾಸ್ತಿ ಬೀಳುತ್ತದೆ, ಕುತ್ತಿಗೆ ಚೆನ್ನಾಗಿದ್ದರೂ. ಈ ನಾಲ್ಕರಿಂದಲೇ ಅಕ್ಕನಿಗೆ 15 ಬಂದಿತ್ತು. ಒಟ್ಟು ಅಂಕ ಮಾತ್ರ ನೋಡಿ “ನಿಮ್ಮ ಕುತ್ತಿಗೆ ತೀರಾ ಹಾಳಾಗಿದೆ” ಎಂದು ಹೇಳುವುದು ಸುಲಭ. ಹೇಳಬಾರದು.

ಚುಕ್ಕೆಗಳ ಕಥೆ

ಆ 19 ಚುಕ್ಕೆಗಳು ನನ್ನ ಕೈಯ ಕೆಲಸವಲ್ಲ. ಅಂಗಡಿಯಲ್ಲಿ ಕೇಳಿ ತರುತ್ತಿದ್ದ, ಪ್ಯಾರಾಸಿಟಮಾಲ್ ಕೆಫೀನ್ ಎಲ್ಲ ಸೇರಿದ ಮಿಶ್ರ ಮಾತ್ರೆ ಅದು. ಅಂಥ ಮಿಶ್ರ ಮಾತ್ರೆಯನ್ನು ತಿಂಗಳಿಗೆ 10 ಅಥವಾ ಹೆಚ್ಚು ದಿನ, ಮೂರು ತಿಂಗಳು ಮೀರಿ ನುಂಗಿದರೆ ಮಾತ್ರೆಯೇ ತಲೆನೋವನ್ನು ಉಳಿಸಿಕೊಳ್ಳಬಹುದು. ಬರೀ ಪ್ಯಾರಾಸಿಟಮಾಲ್ ಆದರೆ ಆ ಗಡಿ 15 ದಿನ. ಅಕ್ಕನ ಕೈಚೀಲದಲ್ಲಿ, ಮನೆಯ ದೇವರ ಗೂಡಿನಲ್ಲಿ, ಕಚೇರಿಯ ಡ್ರಾಯರಿನಲ್ಲಿ ಒಂದೊಂದು ಮಾತ್ರೆಯ ಪಟ್ಟಿ ಇತ್ತು.

ಠಾಣೆಯ ನರರೋಗ ತಜ್ಞರೊಬ್ಬರಿಗೆ ಕ್ಯಾಲೆಂಡರಿನ ಫೋಟೋ ಸಮೇತ ಚೀಟಿ ಬರೆದೆ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರ, ತೂಕ ಇಳಿಯುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದದ್ದು, ಇಂಥದ್ದು ಯಾವುದೂ ಇರಲಿಲ್ಲ. ನರಗಳ ಪರೀಕ್ಷೆ ಸಹಜ ಎಂದರು. ಹುಡುಗಿಯಾಗಿದ್ದಾಗಿನ ಉಬ್ಬಸ ಈಗಲೂ ಆಗೊಮ್ಮೆ ಈಗೊಮ್ಮೆ ಕಾಡುತ್ತದೆ ಎಂದು ಗೊತ್ತಾಗಿ, ದಾಳಿ ತಡೆಯುವ ಮಾತ್ರೆಗಳಲ್ಲಿ ಉಬ್ಬಸಕ್ಕೆ ಆಗದ ಪ್ರೊಪ್ರನೊಲಾಲ್ ಬೇಡವೆಂದು, ರಾತ್ರಿಗೆ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್ ಶುರು ಮಾಡಿದರು. ಮಿಶ್ರ ಮಾತ್ರೆ ಪೂರ್ತಿ ಬಂದ್. ದಾಳಿ ಬಂದರೆ ಟ್ರಿಪ್ಟಾನ್ ಜಾತಿಯ ಒಂದು ಮಾತ್ರೆ, ಅದೂ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚಿಲ್ಲ.

ಮಾತ್ರೆ ನಿಲ್ಲಿಸಿದ ಮೊದಲ ಹತ್ತು ದಿನ ಕೆಟ್ಟದಾಗಿತ್ತು. ಹಾಗಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕೇಳಿದ್ದಕ್ಕೂ ಅನುಭವಿಸುವುದಕ್ಕೂ ವ್ಯತ್ಯಾಸ ಇದೆ ಅಲ್ವಾ. ಮೂರನೇ ರಾತ್ರಿ ಒಂದೂವರೆಗೆ ಅಕ್ಕನ ಮೆಸೇಜು: “ದೇವರ ಗೂಡಿನ ಪಟ್ಟಿ ಅತ್ತೆ ಎಲ್ಲಿಟ್ಟಿದ್ದಾರೆ ಹೇಳ್ತಾ ಇಲ್ಲ.” ಅತ್ತೆ ನಮ್ಮ ಪಕ್ಷ ಸೇರಿದ್ದರು. ಒದ್ದೆ ಬಟ್ಟೆ ಹಣೆಗೆ ಹಾಕಿ, ಸೊಸೆಯ ಕೋಣೆಯ ಪರದೆ ಎಳೆದು, ಬೆಳಗಿನ ಅಡುಗೆ ಆ ವಾರ ಅವರೇ ನೋಡಿಕೊಂಡರು. ನನ್ನ ಚೀಟಿಗಿಂತ ಇದು ಹೆಚ್ಚು ಕೆಲಸ ಮಾಡಿತು ಎಂದು ಈಗಲೂ ನನಗೆ ಅನ್ನಿಸುತ್ತದೆ.

ಬೊಟಾಕ್ಸ್ ಇಂಜೆಕ್ಷನ್ನಿನ ಮಾತೂ ಬಂತು. ದೀರ್ಘಕಾಲದ ಮೈಗ್ರೇನಿಗೆ ಅಮೆರಿಕದಲ್ಲಿ 2010ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದೆ. 12 ವಾರಕ್ಕೊಮ್ಮೆ 155 ಯೂನಿಟ್ ಅನ್ನು 31 ಕಡೆ ಚುಚ್ಚುತ್ತಾರೆ. ಹಣೆ, ಕಣತಲೆ ಮಾತ್ರವಲ್ಲ, ತಲೆಯ ಹಿಂಭಾಗ, ಕುತ್ತಿಗೆ, ಹೆಗಲಿಗೂ. ಖರ್ಚು ಕೇಳಿ ಅಕ್ಕ “ಮಗನ ಹತ್ತನೇದು ಮುಗೀಲಿ” ಎಂದರು. ಅಲ್ಲಿಗೆ ಅದು ನಿಂತಿತು.

ಕೈ ಹಿಂದಕ್ಕೆ, ಕೆಲಸ ಮುಂದಕ್ಕೆ

ಆಗಸ್ಟಿನಲ್ಲಿ ಕುತ್ತಿಗೆಯ ಕೆಲಸ ಮತ್ತೆ ಶುರು. ಈ ಸಲ ಒಂದು ಕರಾರು ಮಾಡಿಕೊಂಡೆವು. ದಾಳಿಯ ದಿನ ಮತ್ತು ಆಕಳಿಕೆ ಬರುವ ದಿನ ನಾನು ಕುತ್ತಿಗೆ ಮುಟ್ಟುವುದಿಲ್ಲ. ಅಂಥ ದಿನ ಬಂದರೆ ದೀಪ ಆರಿಸಿ, ಹೊಟ್ಟೆ ಉಸಿರಾಟ ಹೇಳಿಕೊಟ್ಟು, ಮನೆಗೆ ಕಳಿಸುವುದು.

ಮೊದಲ ಮೂರು ವಾರ ಬರೀ ‘ಹೂಂ’ ಅನ್ನುವ ತಲೆಯಾಟ. 22ರ ಮೇಲೆ ಐದು ಸೆಕೆಂಡ್, ಆರು ಸಲ, ದಿನಕ್ಕೆ ಎರಡು ಹೊತ್ತು. ಬಾಯಿ ಸಡಿಲ, ಹಲ್ಲಿಗೆ ಹಲ್ಲು ತಾಗಬಾರದು. “ಇಷ್ಟೇಯಾ? ಇದಕ್ಕೆ ದುಡ್ಡು ಕೊಡ್ಬೇಕಾ?” ಎಂದು ಅಕ್ಕ ಕೇಳಿದ್ದುಂಟು. ಆಮೇಲೆ ಹೆಗಲ ಮೂಳೆ ಹಿಂದಕ್ಕೆ ಎಳೆಯುವ ವ್ಯಾಯಾಮ, ರಬ್ಬರ್ ಪಟ್ಟಿ. ಮೇಲಿನ ಕೀಲಿಗೆ ಮಾತ್ರ ನಾನು ಕೈ ಹಾಕಿದ್ದು, ಎರಡು ನಿಮಿಷ, ನೋವು ಕಣ್ಣಿನ ಹಿಂದೆ ಹೋಗದಷ್ಟು ಮೆತ್ತಗೆ. ಹೋದರೆ ನಿಲ್ಲಿಸುವುದು.

ನಡಿಗೆಯನ್ನೂ ಸೇರಿಸಿದೆವು. 2011ರಲ್ಲಿ ಸ್ವೀಡನ್ನಿನಲ್ಲಿ ವಾರಕ್ಕೆ ಮೂರು ಸಲ, 40 ನಿಮಿಷದ ವ್ಯಾಯಾಮವನ್ನು ಮೈಗ್ರೇನ್ ತಡೆಯಲು ಕೊಡುವ ಟೊಪಿರಮೇಟ್ ಮಾತ್ರೆಯ ಜೊತೆ ಹೋಲಿಸಿ ನೋಡಿದ್ದರು. ದಾಳಿ ಇಳಿಸುವುದರಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಅಧ್ಯಯನದ ರೋಗಿಗಳಿಗಿದ್ದದ್ದು ಅಕ್ಕನಷ್ಟು ದಿನಗಳ ನೋವಲ್ಲ, ಇರಲಿ. ಸಿಎಸ್‌ಎಂಟಿ (ಹಳೆಯ ವಿಟಿ) ಸ್ಟೇಷನ್ನಿನಲ್ಲಿ ಇಳಿದು ಶೇರ್ ಟ್ಯಾಕ್ಸಿ ಹಿಡಿಯುತ್ತಿದ್ದವರು ಫೋರ್ಟಿಗೆ ನಡೆದು ಹೋಗತೊಡಗಿದರು. ಸಂಜೆಯೂ ಅದೇ. ಹೊಸ ಸಮಯ ಹುಡುಕಬೇಕಾಗಲಿಲ್ಲ, ಅದಕ್ಕೇ ಅದು ಉಳಿಯಿತು.

ಫೋರ್ತ್ ಸೀಟ್

ಟ್ರೈನಿನ ಬಗ್ಗೆ ಬರೆಯದಿದ್ದರೆ ಈ ಪ್ರಕರಣ ಪೂರ್ತಿಯಾಗುವುದಿಲ್ಲ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಒಂದು ಗಂಟೆಯ ಮೇಲೆ. ಸೀಟು ಬೇಕೆಂದರೆ ಉಲ್ಟಾ ಕಲ್ಯಾಣಕ್ಕೆ ಹೋಗಿ, ಅದೇ ಗಾಡಿಯಲ್ಲಿ ಕೂತು ವಾಪಸ್ ಬರಬೇಕು. ಅಷ್ಟು ಹೊತ್ತು ಯಾರಿಗಿದೆ? ಅಕ್ಕನಿಗೆ ಸಿಗುತ್ತಿದ್ದದ್ದು ಮೂವರ ಬೆಂಚಿನ ತುದಿಯ ಫೋರ್ತ್ ಸೀಟ್. ಅರ್ಧ ಕುಂಡೆ ಒಳಗೆ, ಅರ್ಧ ಹೊರಗೆ. ತೊಡೆಯ ಮೇಲೆ ಬ್ಯಾಗು, ಡಬ್ಬಿ. ಐದಕ್ಕೆ ಎದ್ದ ಕಣ್ಣು ಮುಂಬ್ರಾ ದಾಟುವ ಮೊದಲೇ ಮುಚ್ಚುತ್ತಿತ್ತು. ತಲೆ ಎದೆಗೆ ಜೋತು ಬಿದ್ದು, ಗಾಡಿ ಕುಲುಕಿದಾಗಲೆಲ್ಲ ಕುತ್ತಿಗೆ ಕುಲುಕಿ, ಘಾಟ್ಕೋಪರದ ತನಕ.

ಕೂರುವ ಭಂಗಿಯೇ ಎಲ್ಲದಕ್ಕೂ ಕಾರಣ ಎಂದು ಬೈಯುವ ಅಭ್ಯಾಸ ನಮ್ಮ ವೃತ್ತಿಯಲ್ಲಿದೆ. ನನಗದು ಇಷ್ಟವಿಲ್ಲ. ಅದೇ ಗಾಡಿಯಲ್ಲಿ ಸಾವಿರಾರು ಹೆಂಗಸರು ಹಾಗೇ ಜೋತು ಬಿದ್ದು ನಿದ್ದೆ ಮಾಡುತ್ತಾರೆ, ಎಲ್ಲರಿಗೂ ಅರೆತಲೆನೋವು ಬಂದಿಲ್ಲ. ಆದರೆ ಮೊದಲೇ ಸೂಕ್ಷ್ಮವಾದ ಕುತ್ತಿಗೆಗೆ ದಿನಾ ಒಂದು ಗಂಟೆ ಈ ಕುಲುಕಾಟ ಬೇಡವಾಗಿತ್ತು. ಊದಿಸುವ ಕೊರಳ ದಿಂಬು ಹೇಳಿದೆ. “ಲೇಡೀಸ್ ಡಬ್ಬಿಯಲ್ಲಿ ಅದು ಹಾಕ್ಕೊಂಡ್ರೆ ನಗ್ತಾರೆ” ಎಂದರು. ಕೊನೆಗೆ ದಾರಿ ಹೇಳಿದ್ದು ಅವರ ಗಾಡಿಯ ಗೆಳತಿಯರೇ. ವಾರಕ್ಕೆ ಮೂರು ದಿನ ಕಲ್ಯಾಣದಿಂದ ಬರುವ ಒಬ್ಬರು ಒಳಗಿನ ಸೀಟು ಹಿಡಿದಿಟ್ಟು ಠಾಣೆಯಿಂದ ಬಿಟ್ಟುಕೊಡತೊಡಗಿದರು. ತಲೆ ಒರಗಿಸಲು ಗೋಡೆ ಸಿಕ್ಕಿತು. ಬದಲಿಗೆ ಅಕ್ಕ ಅವರಿಗೆ ನೀರುದೋಸೆ ತರುತ್ತಾರೆ.

ಲೆಕ್ಕ

ಸೆಪ್ಟೆಂಬರಿನಲ್ಲಿ ತಲೆನೋವಿನ ದಿನ 16ಕ್ಕೆ ಇಳಿಯಿತು. ಗಣಪತಿಯ ಹತ್ತು ದಿನ ಗಲ್ಲಿಯ ಸ್ಪೀಕರ್ ಕಿವಿಯ ಹತ್ತಿರವೇ ಇತ್ತು, ಆದರೂ ಇಳಿಯಿತು. ಅಕ್ಟೋಬರಿನಲ್ಲಿ ಮತ್ತೆ 18. ಬಿಸಿಲು, ನವರಾತ್ರಿಯ ಉಪವಾಸ, ಕಚೇರಿಯಲ್ಲಿ ಅರ್ಧ ವರ್ಷದ ಲೆಕ್ಕ ಒಟ್ಟಿಗೆ ಬಂದವು. ಅಕ್ಕ ವ್ಯಾಯಾಮ ಬಿಡುವ ಮಾತಾಡಿದರು. ಡಾಕ್ಟರು ರಾತ್ರಿಯ ಮಾತ್ರೆ ಸ್ವಲ್ಪ ಏರಿಸಿದರು. ಬಾಯಿ ಒಣಗುತ್ತದೆ, ತೂಕ ಎರಡು ಕೆಜಿ ಏರಿದೆ ಎಂಬ ದೂರು ಬಂತು. ಅದು ನಿಜವೂ ಹೌದು, ಆ ಮಾತ್ರೆಯ ಗುಣವೇ ಅದು.

ಡಿಸೆಂಬರಿನಲ್ಲಿ ‘ತ’ 10, ಸುತ್ತು ಹಾಕಿದ್ದು 6, ‘ಕು’ 14, ಚುಕ್ಕೆ 6. ಮಲಗಿಸಿ ತಿರುಗಿಸುವ ಪರೀಕ್ಷೆಯಲ್ಲಿ ಬಲಕ್ಕೆ 39 ಡಿಗ್ರಿ. ತಲೆ ಎತ್ತಿ ಹಿಡಿಯುವುದು 24 ಸೆಕೆಂಡ್. ಮುಳ್ಳು 26ರ ತನಕ ಹೋಗುತ್ತಿತ್ತು, ಹಲ್ಲು ಕಚ್ಚದೆ. ಕುತ್ತಿಗೆಯ ಪ್ರಶ್ನಾವಳಿಯ ಅಂಕ 27ರಿಂದ 14. ತಲೆನೋವಿನಿಂದ ದಿನದ ಬದುಕು ಎಷ್ಟು ಕೆಡುತ್ತದೆ ಎಂದು ಅಳೆಯುವ ಆರು ಪ್ರಶ್ನೆಗಳ ಪಟ್ಟಿಯಲ್ಲಿ 68ರಿಂದ 61. ಅಲ್ಲಿ 60 ಅಥವಾ ಹೆಚ್ಚು ಬಂದರೆ ತೀವ್ರ ಎಂದೇ ಲೆಕ್ಕ. ಹಾಗಾಗಿ ‘ಗುಣವಾಯಿತು’ ಎಂದು ನಾನು ಬರೆಯುವುದಿಲ್ಲ.

ಇದರಲ್ಲಿ ಕುತ್ತಿಗೆಯ ಕೆಲಸದ ಪಾಲೆಷ್ಟು? ಮಿಶ್ರ ಮಾತ್ರೆ ನಿಂತಿತು, ರಾತ್ರಿಯ ಮಾತ್ರೆ ಶುರುವಾಯಿತು, ನಡಿಗೆ ಬಂತು, ಸೀಟು ಸಿಕ್ಕಿತು, ಎಲ್ಲ ಒಂದೇ ಹೊತ್ತಿಗೆ. ಬರೀ ಕುತ್ತಿಗೆ ವ್ಯಾಯಾಮದಿಂದ ಮೈಗ್ರೇನಿನ ದಿನ ಇಳಿಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ತಲೆನೋವಿನ ದಿನ ಇಳಿದದ್ದರ ಹೆಚ್ಚಿನ ಪಾಲು ಚುಕ್ಕೆಗಳು ಇಳಿದದ್ದಕ್ಕೆ ಸಲ್ಲಬೇಕು ಎಂದು ನನ್ನ ಅಂದಾಜು. ಕುತ್ತಿಗೆಯ ಕೆಲಸದಿಂದ ಸಿಕ್ಕಿದ್ದು ಬೇರೆ: ನಡುವಿನ ದಿನಗಳ ಬಿಗಿತ ಸಡಿಲಾಯಿತು, ತಲೆ ತಿರುಗಿಸಿ ರಸ್ತೆ ದಾಟುವುದು ಸುಲಭವಾಯಿತು, ಕಂಪ್ಯೂಟರಿನ ಮುಂದೆ ಮಧ್ಯಾಹ್ನದ ತನಕ ಕೈ ಕುತ್ತಿಗೆಗೆ ಹೋಗುವುದಿಲ್ಲ.

ಮಾರ್ಚಿನಲ್ಲಿ ಅಕ್ಕ ಬಂದಾಗ ಕೊಡೆ ಇರಲಿಲ್ಲ, ಎರಡೂ ಕೈ ಮಡಿಲಲ್ಲಿದ್ದವು. ಹೊಸ ವರ್ಷದ ಕ್ಯಾಲೆಂಡರಿನ ಮೂರು ಹಾಳೆಗಳ ಫೋಟೋ ತೋರಿಸಿದರು. ಫೆಬ್ರವರಿಯ ಒಂದು ಗುರುವಾರದ ಮೇಲೆ ಬೆರಳಿಟ್ಟರು. ಅಲ್ಲಿ ‘ಕು’, ಪಕ್ಕದಲ್ಲಿ ಸಣ್ಣದಾಗಿ ‘ಆ’.

“ಇದು ಆಕಳಿಕೆ. ನಾನೇ ಸೇರಿಸಿದ್ದು. ಅವತ್ತು ಬೆಳಿಗ್ಗೆಯೇ ಸೇಠ್‌ಗೆ ಹೇಳಿದೆ, ನಾಳೆ ನಾನು ಬರುವುದು ಗ್ಯಾರಂಟಿ ಇಲ್ಲ, ಜಿಎಸ್‌ಟಿ ಇವತ್ತೇ ಮುಗಿಸುವ ಅಂತ.”

“ತಿಕ್ಕಿಸಿಕೊಂಡಿರಾ?”

“ಇಲ್ಲ. ಅನ್ನ ಸಾರು ತಿಂದು ಒಂಬತ್ತಕ್ಕೆ ಮಲಗಿದೆ.”

ಶುಕ್ರವಾರದ ಚೌಕದಲ್ಲಿ ಸುತ್ತು ಹಾಕಿದ ‘ತ’ ಇತ್ತು, ಒಂದು ಚುಕ್ಕೆ ಇತ್ತು. ಶನಿವಾರ ಖಾಲಿ.

ಬಲಕ್ಕೆ ಮತ್ತೆ ಅಳೆದೆ. ಅದೇ 39, ಮೂರು ತಿಂಗಳಲ್ಲಿ ಕದಲಿಲ್ಲ. ಬೆಳಿಗ್ಗೆ ಎದ್ದಾಗ ಹತ್ತು ನಿಮಿಷ ಕುತ್ತಿಗೆ ಬಿಗಿ ಇನ್ನೂ ಇದೆ. ವ್ಯಾಯಾಮ ವಾರಕ್ಕೆ ನಾಲ್ಕು ದಿನಕ್ಕೆ ಇಳಿದಿದೆ ಎಂದು ತಾವೇ ಒಪ್ಪಿಕೊಂಡರು. ಮುಂದಿನ ಸಲ ಯಾವಾಗ ಎಂದಿದ್ದಕ್ಕೆ, “ಮಳೆ ಹಿಡಿದ ಮೇಲೆ ಬರ್ತೇನೆ” ಎಂದರು. ಮಳೆಗೆ ಮೊದಲೇ ಬನ್ನಿ ಎಂದು ಮೇ ಮೂರನೇ ವಾರದ ಒಂದು ಭಾನುವಾರ ಬರೆದುಕೊಟ್ಟಿದ್ದೇನೆ.